ಯಾವ ಕ್ಯಾಮೆರಾ ತಗೊಳ್ಳಲಿ ಅಣ್ಣಾ?

ಮೊದಲೆಲ್ಲ ಈ ಪ್ರಶ್ನೆ ಕೇಳುತ್ತಿದ್ದವರು ಮದುವೆ ಸ್ಟುಡಿಯೋ ತೆರೆಯಲು ಹೊರಟವರು. ಈಗ ಕೇಳುವವರು ಬೆಳಿಗ್ಗೆ ಬಸ್ಸು ಹಿಡಿದು ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗಿ, ಸಂಜೆ ಪೆರೇಸಂದ್ರದ ಕ್ರಾಸಿನಲ್ಲಿ ಇಳಿಯುವ ಹುಡುಗರು. ಮನೆಯಲ್ಲಿ ಕೂತು ಆಡುವ ಗೇಮನ್ನು ರೆಕಾರ್ಡ್ ಮಾಡಬೇಕು, ಸಾಧ್ಯವಾದರೆ ಲೈವ್ ಬಿಡಬೇಕು. ಅಪ್ಪನನ್ನು ಒಪ್ಪಿಸಿಯಾಗಿದೆ, ಅಥವಾ ದ್ರಾಕ್ಷಿ ಕಟಾವಾದ ಮೇಲೆ ಒಪ್ಪಿಸುವ ಅಂದಾಜಿದೆ. ಕೈಯಲ್ಲಿ ಇಪ್ಪತ್ತೋ ಮೂವತ್ತೋ ಸಾವಿರ ಬರಬಹುದು. ಅಷ್ಟಕ್ಕೆ ಯಾವ ಕ್ಯಾಮೆರಾ?

ಕೇಳಿದವರಿಗೆ ನಾನು ಮೊದಲು ಹೇಳುವ ಮಾತು ಅವರಿಗೆ ರುಚಿಸುವುದಿಲ್ಲ. ಮೊಬೈಲ್, ಕಂಪ್ಯೂಟರ್, ಪ್ಲೇಸ್ಟೇಷನ್ ಯಾವುದರಲ್ಲಿ ಆಡಿದರೂ ಆ ಆಟವನ್ನು ಹಿಡಿಯಲು ಕ್ಯಾಮೆರಾವೇ ಬೇಕಿಲ್ಲ. ಪರದೆಯ ಮೇಲೆ ಮೂಡುವ ಚಿತ್ರ ಯಂತ್ರದ ಒಳಗೇ ಸಿಗುತ್ತದೆ. ಮೊಬೈಲಿನಲ್ಲಿ ಸ್ಕ್ರೀನ್ ರೆಕಾರ್ಡರ್ ಇದೆ. ಕಂಪ್ಯೂಟರಿನಲ್ಲಿ ಓಬಿಎಸ್ ಇದೆ. 2012ರಿಂದ ಇರುವ ಈ ತಂತ್ರಾಂಶಕ್ಕೆ ಇವತ್ತಿಗೂ ಒಂದು ಪೈಸೆ ಕೊಡಬೇಕಾಗಿಲ್ಲ. ಪ್ಲೇಸ್ಟೇಷನ್ 4 ಬಂದ 2013ರಲ್ಲೇ ಅದರ ಕಂಟ್ರೋಲರಿನ ಮೇಲೆ ‘ಶೇರ್’ ಎಂಬ ಗುಂಡಿ ಕೂತಿತ್ತು. ಆದರೂ ಮೊಬೈಲಿನ ಎದುರು ಇನ್ನೊಂದು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಗೇಮ್ ಶೂಟ್ ಮಾಡುವವರು ಇದ್ದಾರೆ. ಅದರಲ್ಲಿ ಕಾಣುವುದು ಟ್ಯೂಬ್‌ಲೈಟಿನ ನೆರಳು, ಗಾಜಿನ ಮೇಲಿನ ಬೆರಳ ಗುರುತು, ಮಧ್ಯೆ ಎಲ್ಲೋ ಒಂದು ಗೇಮು.

ಹಾಗಾದರೆ ಕ್ಯಾಮೆರಾ ಯಾತಕ್ಕೆ? ಆಡುವವನ ಮುಖಕ್ಕೆ. ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬರುವ ಮುಖ. ನೋಡುವವರಲ್ಲಿ ಬಹುಪಾಲು ಮಂದಿ ಮೊಬೈಲಿನಲ್ಲೇ ನೋಡುತ್ತಾರೆ ಅಂದರೆ ಆ ಜಾಗ ಇನ್ನೂ ಚಿಕ್ಕದಾಗುತ್ತದೆ. ಅಷ್ಟಕ್ಕಾಗಿ ಎಷ್ಟು ಖರ್ಚು ಮಾಡಬೇಕು ಅನ್ನುವುದೇ ಇಲ್ಲಿರುವ ನಿಜವಾದ ಲೆಕ್ಕ.

ಕ್ಯಾಮೆರಾ ಹೀಗೆ ಮೂಲೆಗೆ ಸರಿದ ಕಥೆ ಸ್ವಾರಸ್ಯವಾಗಿದೆ. 2007ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಸ್ಟಿನ್ ಕಾನ್ ಎಂಬ ಯುವಕ ತನ್ನ ಟೋಪಿಗೆ ಕ್ಯಾಮೆರಾ ಕಟ್ಟಿಕೊಂಡು ಹಗಲೂ ರಾತ್ರಿ ತನ್ನ ಬದುಕನ್ನೇ ನೇರಪ್ರಸಾರ ಮಾಡಲು ಹೊರಟ. ಜಸ್ಟಿನ್ ಡಾಟ್ ಟಿವಿ ಅಂತ ಹೆಸರು. ಅವನು ನಡೆದದ್ದು, ಉಂಡದ್ದು ನೋಡುವ ಕುತೂಹಲ ಜನರಿಗೆ ಬಹಳ ದಿನ ಉಳಿಯಲಿಲ್ಲ. ಆದರೆ ಅದೇ ತಾಣದಲ್ಲಿ ಬೇರೆಯವರು ಗೇಮ್ ಆಡುತ್ತ ಬಿಡುತ್ತಿದ್ದ ಪ್ರಸಾರಕ್ಕೆ ಜನ ಮುಗಿಬಿದ್ದರು. 2011ರಲ್ಲಿ ಆ ವಿಭಾಗವನ್ನೇ ಬೇರೆ ಮಾಡಿ ‘ಟ್ವಿಚ್’ ಅಂತ ಹೆಸರಿಟ್ಟರು. 2014ರಲ್ಲಿ ಅಮೆಜಾನ್ ಅದನ್ನು 97 ಕೋಟಿ ಡಾಲರಿಗೆ ಕೊಂಡಿತು. ತಲೆಯ ಮೇಲಿದ್ದ ಕ್ಯಾಮೆರಾ ಬೆಲೆ ಬಾಳಲಿಲ್ಲ, ಪರದೆಯೊಳಗಿನ ಆಟ ಬೆಲೆ ಬಾಳಿತು.

ನಮ್ಮ ಕಡೆಯ ಹುಡುಗರ ಆಟ ಬಹುತೇಕ ಮೊಬೈಲಿನದು. ಅಲ್ಲಿ ಇನ್ನೊಂದು ಪಾಠವೂ ಇದೆ. ಪಬ್‌ಜಿ ಮೊಬೈಲನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಆಗಿ ಬಂತು. 2022ರ ಜುಲೈ ಕೊನೆಗೆ ಅದೂ ಪ್ಲೇಸ್ಟೋರಿನಿಂದ ಮಾಯ, 2023ರ ಮೇನಲ್ಲಿ ಮತ್ತೆ ಹಾಜರ್. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧವಾಯಿತು. ಒಂದೇ ಆಟವನ್ನು ನಂಬಿ ಚಾನೆಲ್ ಕಟ್ಟಿದವರು ಅಷ್ಟು ದಿನ ಕೈಕಟ್ಟಿ ಕೂತಿರಬೇಕಾಯಿತು. ಸಾಮಾನು ಕೊಳ್ಳುವಾಗ ಈ ಮಾತು ನೆನಪಿರಲಿ: ಇವತ್ತಿನ ಗೇಮು ನಾಳೆ ಇರದಿದ್ದರೂ ಕೆಲಸಕ್ಕೆ ಬರುವುದನ್ನೇ ಕೊಳ್ಳಬೇಕು. ಮೈಕು, ದೀಪ, ಸ್ಟ್ಯಾಂಡು ಅಂಥವು. ಕ್ಯಾಮೆರಾ ಆ ಸಾಲಿನಲ್ಲಿ ಕೊನೆಗೆ ಬರುತ್ತದೆ.

ಆಡುವ ಮೊಬೈಲಿನಲ್ಲೇ ಮುಂದಿನ ಕ್ಯಾಮೆರಾ ಹಾಕಿ ಮುಖ ತೋರಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆದರೆ ಒಂದೇ ಫೋನು ಗೇಮ್ ಓಡಿಸಬೇಕು, ಅದನ್ನು ವಿಡಿಯೊ ಮಾಡಬೇಕು, ಕ್ಯಾಮೆರಾ ನಡೆಸಬೇಕು, ನೆಟ್ಟಿಗೆ ಕಳಿಸಲೂ ಬೇಕು. ಏಪ್ರಿಲ್ ತಿಂಗಳಲ್ಲಿ ಶೀಟ್ ಮನೆಯ ಕೋಣೆಯಲ್ಲಿ ಇಷ್ಟನ್ನೂ ಮಾಡಿಸಿದರೆ ಫೋನು ಕಾದು, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಗೇಮು ತಡವರಿಸುವುದು ಆವಾಗಲೇ. ಜತೆಗೆ ಧ್ವನಿಯ ತಕರಾರು. ಗೇಮಿನ ಒಳಗಿನ ಸದ್ದನ್ನು ಬೇರೆ ಆ್ಯಪ್ ಹಿಡಿಯಲು ಆಂಡ್ರಾಯ್ಡ್ ಅವಕಾಶ ಕೊಟ್ಟಿದ್ದೇ 2019ರಲ್ಲಿ, ಹತ್ತನೇ ಆವೃತ್ತಿಯಿಂದ. ಅದಕ್ಕಿಂತ ಹಳೆಯ ಫೋನಾದರೆ ಸ್ಪೀಕರಿನಿಂದ ಹೊರಬಂದ ಸದ್ದನ್ನು ಮೈಕು ಮತ್ತೆ ಹಿಡಿಯಬೇಕು. ಹೊಸ ಫೋನಿನಲ್ಲೂ ಗೆಳೆಯರ ಜತೆ ಮಾತಾಡುವ ವಾಯ್ಸ್ ಚಾಟ್ ಮೈಕನ್ನು ಹಿಡಿದುಕೊಂಡರೆ ಲೈವ್ ಬಿಡುವ ಆ್ಯಪ್‌ಗೆ ಅದು ಸಿಗದೆ ಹೋಗುವುದುಂಟು. ತಂಡದವರಿಗೆ ಹುಡುಗನ ಕೂಗು ಕೇಳುತ್ತದೆ, ನೋಡುವವರಿಗೆ ಬರೀ ಬಾಯಿ ಆಡುವುದು ಕಾಣುತ್ತದೆ.

ಕ್ಯಾಮೆರಾಕ್ಕಿಂತ ಮೊದಲು ನೋಡಬೇಕಾದ್ದು ನೆಟ್ಟು. ಅದೂ ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಲೈವ್ ಬಿಟ್ಟರೆ ಗಂಟೆಗೆ 2.7 ಜಿಬಿ ಹೋಗುತ್ತದೆ. ದಿನಕ್ಕೆ 2 ಜಿಬಿಯ ರೀಚಾರ್ಜ್ ಇದ್ದವನ ಡೇಟಾ ಮುಕ್ಕಾಲು ಗಂಟೆ ತುಂಬುವ ಮೊದಲೇ ಖಾಲಿ. 720ರ ಚಿತ್ರವನ್ನು 3 ಮೆಗಾಬಿಟ್‌ನಲ್ಲಿ ಬಿಟ್ಟರೆ ಅದೇ ಡೇಟಾ ಒಂದೂವರೆ ಗಂಟೆ ಬರುತ್ತದೆ. ಹೀಗಿರುವಾಗ ಅಗಲಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕೆ ಹಿಡಿಯುವ 4ಕೆ ಕ್ಯಾಮೆರಾ ಕೊಂಡು ಏನು ಮಾಡುವುದು? ನೋಡುವವನಿಗೆ ಮುಟ್ಟುವುದು ದಾರಿಯಲ್ಲಿ ತೂರುವಷ್ಟು ಮಾತ್ರ. ಫೈಬರ್ ಎಳೆಸಿದ ಮನೆಗೆ ಈ ಕಷ್ಟವಿಲ್ಲ. ಎಳೆಸದವರು ಕ್ಯಾಮೆರಾದ ದುಡ್ಡನ್ನು ಮೊದಲು ಅದಕ್ಕೆ ಹಾಕುವುದು ವಾಸಿ.

ಇನ್ನು ಕರೆಂಟು. ಹಳ್ಳಿಯ ಕಡೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರೆಂಟು ಹೋದರೆ ನೆಟ್ಟೂ ಹೋಗುತ್ತದೆ. ಆದರೆ ಆಟದ ಮಧ್ಯೆ ಸಂಪರ್ಕ ಕಡಿಯುವುದು ನಮ್ಮೂರಿನ ಗೋಳು ಮಾತ್ರ ಅಂದುಕೊಳ್ಳಬೇಡಿ. 2020ರ ಆಗಸ್ಟ್ 30ರಂದು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಆನ್‌ಲೈನ್ ಚೆಸ್ ಒಲಿಂಪಿಯಾಡ್‌ನ ಫೈನಲ್ ನಡೆಯಿತು, ಭಾರತಕ್ಕೂ ರಷ್ಯಾಕ್ಕೂ. ಆಟಗಾರರೆಲ್ಲ ತಂತಮ್ಮ ಜಾಗದಲ್ಲಿ ಕೂತು, ಎದುರಿಗೆ ಕ್ಯಾಮೆರಾ ಇಟ್ಟುಕೊಂಡು ಆಡಬೇಕು. ಮೋಸ ನಡೆಯದಂತೆ ತೀರ್ಪುಗಾರರು ಆ ಕ್ಯಾಮೆರಾದಲ್ಲೇ ಕಣ್ಣಿಡುವುದು. ಎರಡನೇ ಸುತ್ತಿನಲ್ಲಿ ಭಾರತದ ನಿಹಾಲ್ ಸರಿನ್, ದಿವ್ಯಾ ದೇಶಮುಖ್ ಇಬ್ಬರ ಸಂಪರ್ಕವೂ ಕಡಿದು ಗಡಿಯಾರ ಓಡಿಹೋಯಿತು. ಆ ದಿನ ಇಂಟರ್ನೆಟ್ ಜಾಲ ಲೋಕದ ಹಲವು ಕಡೆ ಕೈಕೊಟ್ಟಿತ್ತು. ಭಾರತ ಮೇಲ್ಮನವಿ ಹಾಕಿತು, ಕೊನೆಗೆ ಫಿಡೆ ಎರಡೂ ದೇಶಕ್ಕೆ ಚಿನ್ನ ಕೊಟ್ಟಿತು. ಅಲ್ಲಿ ಯಾರ ಕ್ಯಾಮೆರಾದ ಬೆಲೆ ಎಷ್ಟು ಅಂತ ಯಾರೂ ಕೇಳಲಿಲ್ಲ. ನಮ್ಮ ಮಟ್ಟಿಗೆ ಮಾಡಬಹುದಾದ್ದು ಇಷ್ಟು: ಫೈಬರಿನ ಪೆಟ್ಟಿಗೆ, ರೂಟರ್ ಸಾಮಾನ್ಯವಾಗಿ 12 ವೋಲ್ಟಿನಲ್ಲಿ ಓಡುತ್ತವೆ. ಅವಕ್ಕೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಮನೆಯ ಇನ್ವರ್ಟರ್ ಅಗ್ಗದ ಬಗೆಯದಾದರೆ ಅದು ಓಡುವಾಗ ಮೈಕಿನಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಳ್ಳಬಹುದು, ಒಮ್ಮೆ ಕೇಳಿ ನೋಡಿ.

ಈಗ ಕ್ಯಾಮೆರಾಗಳ ಮಾತಿಗೆ ಬರೋಣ.

ಕೆಲವರಿಗೆ ಸ್ಟುಡಿಯೋದ ಹಳೇ ಹೆಗಲ ಕ್ಯಾಮೆರಾ ಕಣ್ಣಿಗೆ ಬೀಳುತ್ತದೆ. ಮದುವೆಗಳಲ್ಲಿ ಲೈಟಿನ ಹುಡುಗನನ್ನು ಜತೆಗಿಟ್ಟುಕೊಂಡು ಓಡಾಡುತ್ತಿದ್ದ ಪ್ಯಾನಾಸಾನಿಕ್ಕಿನ ದೊಡ್ಡ ಕ್ಯಾಮೆರಾ. ಸ್ಟುಡಿಯೋದವರು ಕಡಿಮೆಗೆ ಕೊಡುತ್ತಾರೆ, ನೋಡಿದರೆ ಟಿವಿಯವರ ಹಾಗೆ ಇರುತ್ತದೆ. ಆಸೆಪಡಬೇಡಿ. ಅದು ಮಿನಿ ಡಿವಿ ಕ್ಯಾಸೆಟ್ಟಿನ ಕಾಲದ್ದು. ಚಿತ್ರದ ಅಳತೆ 720 ಚುಕ್ಕೆಗೆ 576 ಮಾತ್ರ, ಅದೂ ಒಂದು ಗೆರೆ ಬಿಟ್ಟು ಒಂದು ಗೆರೆಯಾಗಿ ಬರುತ್ತದೆ. ಕಂಪ್ಯೂಟರ್ ಪರದೆಯಲ್ಲಿ ತಲೆ ಅಲ್ಲಾಡಿಸಿದಾಗಲೆಲ್ಲ ಮುಖದ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಕಂಪ್ಯೂಟರಿಗೆ ಜೋಡಿಸಲು ಬೇಕಾದ ಫೈರ್‌ವೈರ್ ಕಿಂಡಿ ಇವತ್ತಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ.

ಇನ್ನೊಂದು ತುದಿಯಲ್ಲಿ ಲೆನ್ಸ್ ಬದಲಿಸುವ ಮಿರರ್‌ಲೆಸ್ ಕ್ಯಾಮೆರಾ. ಮುಖ ಸ್ಪಷ್ಟ, ಹಿಂದಿನದೆಲ್ಲ ಮಸುಕು, ಚೆನ್ನಾಗಿಯೇ ಕಾಣುತ್ತದೆ. ಆದರೆ ಮನೆಗೆ ತಂದ ಮೇಲೆ ಗೊತ್ತಾಗುವ ಸಂಗತಿಗಳು ಬಹಳ. 2021ರಲ್ಲಿ ಬಂದ ಸೋನಿ ಜಡ್‌ವಿ-ಇ10 ಅನ್ನು ಯೂಟ್ಯೂಬರುಗಳ ಕ್ಯಾಮೆರಾ ಎಂದೇ ಮಾರಿದರು. ಯುಎಸ್‌ಬಿ ತಂತಿಯಿಂದ ಸೀದಾ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಕೊಡುವುದು 720ರ ಚಿತ್ರ. ಪೂರ್ತಿ 1080 ಬೇಕಾದರೆ ಎಚ್‌ಡಿಎಂಐ ಮೂಲಕ, ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಕ್ಯಾಪ್ಚರ್ ಕಾರ್ಡಿಗೆ ಹೋಗಬೇಕು. ಹಳೆಯ ಸ್ಟಿಲ್ ಕ್ಯಾಮೆರಾಗಳಲ್ಲಿ ಒಂದು ಸಲಕ್ಕೆ 29 ನಿಮಿಷ 59 ಸೆಕೆಂಡಿಗಿಂತ ಹೆಚ್ಚು ರೆಕಾರ್ಡ್ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಯುರೋಪಿನಲ್ಲಿ ಅದನ್ನು ವಿಡಿಯೊ ಕ್ಯಾಮೆರಾ ಅಂತ ಲೆಕ್ಕ ಹಾಕಿ ಸುಂಕ ಹೇರುತ್ತಿದ್ದರು, ಅದನ್ನು ತಪ್ಪಿಸಿಕೊಳ್ಳಲು ತಯಾರಕರು ಹಾಕಿಕೊಂಡ ಬೇಲಿ ಅದು. ಅಲ್ಲಿನ ಸುಂಕಕ್ಕೆ ಹೆದರಿ ಇಲ್ಲಿನ ಹುಡುಗನ ರೆಕಾರ್ಡಿಂಗ್ ಅರ್ಧ ಗಂಟೆಗೆ ನಿಲ್ಲುವುದು ತಮಾಷೆಯಾಗಿಯೇ ಇದೆ. ಬ್ಯಾಟರಿ ಗಂಟೆಗಟ್ಟಲೆ ಬಾರದು, ಡಮ್ಮಿ ಬ್ಯಾಟರಿ ಹಾಕಿ ಪ್ಲಗ್ಗಿನಿಂದ ಓಡಿಸಬೇಕು. ಮುಖ ಬರುವುದು ಮಾತ್ರ ಅದೇ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ. ಮನೆಯಲ್ಲಿ ಫೋಟೊ ತೆಗೆಯುವ ಹುಚ್ಚು ಬೇರೆ ಯಾರಿಗಾದರೂ ಇದ್ದರೆ ಸರಿ, ಇಲ್ಲದಿದ್ದರೆ ಬೇಡ.

ನನ್ನ ಓಟು ಎರಡಕ್ಕೆ. ಮನೆಯಲ್ಲಿ ಬಿದ್ದಿರುವ ಹಳೇ ಸ್ಮಾರ್ಟ್‌ಫೋನು, ಇಲ್ಲವೇ ಸಾಧಾರಣ ವೆಬ್‌ಕ್ಯಾಮು. ಪರದೆ ಬಿರುಕು ಬಿಟ್ಟ ಫೋನಾದರೂ ಹಿಂಬದಿಯ ಕ್ಯಾಮೆರಾ ಸರಿಯಿದ್ದರೆ ಡ್ರಾಯ್ಡ್‌ಕ್ಯಾಮ್‌ನಂಥ ಆ್ಯಪ್ ಹಾಕಿ, ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ ವೆಬ್‌ಕ್ಯಾಮ್ ಮಾಡಿಕೊಳ್ಳಬಹುದು. ವೆಬ್‌ಕ್ಯಾಮಿನಲ್ಲಿ ಲಾಜಿಟೆಕ್ ಸಿ920 ಎಂಬುದು 2012ರಿಂದ ಮಾರುಕಟ್ಟೆಯಲ್ಲಿದೆ. 1080ರ ಚಿತ್ರ, ಸೆಕೆಂಡಿಗೆ 30 ಫ್ರೇಮು. ಗೇಮಿಗೆ 60 ಬೇಕಾದೀತು, ಕೂತು ಮಾತಾಡುವ ಮುಖಕ್ಕೆ 30 ಧಾರಾಳ.

ವೆಬ್‌ಕ್ಯಾಮು ತಂದವರಲ್ಲಿ ಅರ್ಧ ಮಂದಿ ಕ್ಯಾಮೆರಾ ಸರಿಯಿಲ್ಲ ಅಂತ ಬೈಯುತ್ತಾರೆ. ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ತೆವಳುತ್ತವೆ, ಗೋಡೆ ಮಿಣಮಿಣ ಅನ್ನುತ್ತದೆ. ಅದು ಕ್ಯಾಮೆರಾದ ದೋಷವಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಅಮೆರಿಕದಲ್ಲಿ 60. ಅಗ್ಗದ ಎಲ್‌ಇಡಿ ಬಲ್ಬು, ಹಳೇ ಚೋಕಿನ ಟ್ಯೂಬ್‌ಲೈಟು ಆ ಏರಿಳಿತಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ವೆಬ್‌ಕ್ಯಾಮಿನ ಸೆಟ್ಟಿಂಗಿನಲ್ಲಿ ‘ಆ್ಯಂಟಿ ಫ್ಲಿಕರ್’ ಅಥವಾ ‘ಪವರ್‌ಲೈನ್ ಫ್ರೀಕ್ವೆನ್ಸಿ’ ಎಂಬ ಸಾಲು 60ಕ್ಕೆ ನಿಂತಿದ್ದರೆ 50ಕ್ಕೆ ಬದಲಿಸಬೇಕು. ಶಟರ್ ವೇಗವನ್ನು ಕೈಯಾರೆ ಇಡುವ ಕ್ಯಾಮೆರಾ ಆದರೆ 50ರಲ್ಲಿ ಒಂದು ಇಲ್ಲವೇ 100ರಲ್ಲಿ ಒಂದು ಸೆಕೆಂಡು. ಪಟ್ಟೆ ಹೋಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಎರಡನೇ ದೂರು: ಕೈ ಅಲ್ಲಾಡಿಸಿದರೆ ಚಿತ್ರ ಎಳೆದಂತಾಗುತ್ತದೆ. ಕೋಣೆಯಲ್ಲಿ ಬೆಳಕು ಸಾಲದಿದ್ದಾಗ ವೆಬ್‌ಕ್ಯಾಮು ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಕಣ್ಣು ತೆರೆದು ಕೂರುತ್ತದೆ. ಮೂವತ್ತು ಇದ್ದದ್ದು ಹದಿನೈದಕ್ಕೆ ಇಳಿಯುತ್ತದೆ. ಮಂದ ಬೆಳಕಿಗೆ ತಾನಾಗಿ ಹೊಂದಿಕೊಳ್ಳುವ ಆ ಸವಲತ್ತನ್ನು ಆರಿಸಿ, ದೀಪ ಹಾಕಿ. ಹಗಲಾದರೆ ಕಿಟಕಿಯ ಎದುರು ಕೂತರೆ ಸಾಕು. ಕಿಟಕಿಯನ್ನು ಬೆನ್ನಿಗೆ ಹಾಕಿಕೊಂಡು ಕೂತರೆ ಮುಖ ಮಸಿ. ರಾತ್ರಿಯಾದರೆ ಎದುರಿನ ಗೋಡೆಗೆ ದೀಪ ತಿರುಗಿಸಿ, ಅಲ್ಲಿಂದ ಚೆದುರಿ ಬರುವ ಬೆಳಕು ಮುಖಕ್ಕೆ ಬೀಳಲಿ. ರಿಂಗ್ ಲೈಟು ಕೊಳ್ಳಬೇಕೆಂದೇನಿಲ್ಲ. ಕನ್ನಡಕ ಹಾಕುವವರಿಗಂತೂ ಬೇಡವೇ ಬೇಡ, ಗಾಜಿನಲ್ಲಿ ಎರಡು ಬಳೆ ಹೊಳೆಯುತ್ತಿರುತ್ತವೆ.

ಬೆನ್ನ ಹಿಂದಿನ ಅಲಂಕಾರಕ್ಕೂ ಒಂದು ಮಾತು. ರೇಷ್ಮೆ ಮಾಡುವ ಮನೆಗಳಲ್ಲಿ ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಚಂದ್ರಂಕಿ ಹಿನ್ನೆಲೆಗೆ ಬಹಳ ಚೆಂದ ಅನ್ನಿಸುತ್ತದೆ. ಶಿಡ್ಲಘಟ್ಟದ ಸೀಮೆ ಅಂತ ಹೇಳದೆಯೇ ಗೊತ್ತಾಗುತ್ತದೆ. ಆದರೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ಸಣ್ಣ ಪಟ್ಟಿಗಳನ್ನು ವೆಬ್‌ಕ್ಯಾಮು ನುಂಗಲಾರದು. ಕಡಿಮೆ ಬಿಟ್‌ರೇಟಿನಲ್ಲಿ ಅವು ಕುದಿಯುವಂತೆ ಕಾಣುತ್ತವೆ, ಮುಖಕ್ಕೆ ಸಲ್ಲಬೇಕಾದ ಡೇಟಾವನ್ನೂ ಅವೇ ತಿನ್ನುತ್ತವೆ. ಇಡಲೇಬೇಕೆಂದಿದ್ದರೆ ದೂರ ಇಟ್ಟು, ಅದರ ಮೇಲೆ ಬೆಳಕು ಕಡಿಮೆ ಮಾಡಿ.

ಧ್ವನಿಯ ವಿಷಯದಲ್ಲಿ ನನ್ನದು ಹಟ. ಚಿತ್ರ ಮಸುಕಾದರೆ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಬೋಯಾ ಎಂ1 ಎಂಬ ಕಾಲರ್ ಮೈಕು ಸಾವಿರ ರೂಪಾಯಿಯ ಆಸುಪಾಸು ಸಿಗುತ್ತದೆ, ತಂತಿ ಆರು ಮೀಟರ್. ಹೆದ್ದಾರಿಯ ಲಾರಿ ಹಾರನ್ನು, ಪಕ್ಕದ ಮನೆಯ ಮಿಕ್ಸಿ, ಅಮ್ಮ ಅಡುಗೆ ಮನೆಯಿಂದ ಕರೆಯುವುದು ಎಲ್ಲವನ್ನೂ ಲ್ಯಾಪ್‌ಟಾಪಿನ ಮೈಕು ಸಮನಾಗಿ ಹಿಡಿಯುತ್ತದೆ. ಬಾಯಿಯ ಹತ್ತಿರವಿರುವ ಮೈಕು ಬಾಯಿಯ ಮಾತನ್ನು ಮುಂದೆ ಮಾಡುತ್ತದೆ. ಆಮೇಲೆ ಒಂದು ಪರೀಕ್ಷೆ. ಕ್ಯಾಮೆರಾದ ಎದುರು ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ನಿಧಾನವಾಗಿ ನೋಡಿ. ಕ್ಯಾಪ್ಚರ್ ಕಾರ್ಡಿನ ಮೂಲಕ ಬರುವ ಚಿತ್ರ ಕೊಂಚ ತಡವಾಗಿ ಬರುತ್ತದೆ. ಸದ್ದು ಮೊದಲು, ಅಂಗೈ ಕೂಡುವುದು ಆಮೇಲೆ. ಓಬಿಎಸ್‌ನಲ್ಲಿ ‘ಸಿಂಕ್ ಆಫ್‌ಸೆಟ್’ ಎಂಬಲ್ಲಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ಸದ್ದನ್ನು ಹಿಂದಕ್ಕೆ ತಳ್ಳಿ, ಎರಡೂ ಕೂಡುವವರೆಗೆ ತಟ್ಟುತ್ತಿರಿ.

ಇಷ್ಟೆಲ್ಲ ಹೇಳಿ, ಕ್ಯಾಮೆರಾವೇ ಆಟವನ್ನು ಹಿಡಿಯಬೇಕಾದ ಸಂದರ್ಭವನ್ನು ಬಿಟ್ಟರೆ ತಪ್ಪಾಗುತ್ತದೆ. ಕೇರಂ, ಚೆಸ್, ಚೌಕಾಬಾರ. ಮನೆಯಲ್ಲಿ ಆಡುವ ಆಟ ಅಂದರೆ ಇವೂ ತಾನೆ? ನನ್ನನ್ನು ಕೇಳಿದರೆ ಬಂದೂಕಿನ ಗೇಮುಗಳ ಸಂತೆಯಲ್ಲಿ ಇನ್ನೊಬ್ಬನಾಗುವುದಕ್ಕಿಂತ ಪೆರೇಸಂದ್ರದ ಹುಡುಗನಿಗೆ ಇಲ್ಲಿ ಜಾಗ ಜಾಸ್ತಿ. ಚೌಕಾಬಾರವನ್ನು ತೆಲುಗಿನವರು ಅಷ್ಟಾ ಚಮ್ಮಾ ಅಂತ ಆಡುತ್ತಾರೆ. ಆಂಧ್ರದ ಗಡಿಯ ಸೀಮೆಯಾದ್ದರಿಂದ ಇಲ್ಲಿಯ ಮಕ್ಕಳ ಬಾಯಲ್ಲಿ ಎರಡೂ ಭಾಷೆ ಓಡುತ್ತವೆ, ನೋಡುವವರು ಎರಡೂ ಕಡೆ ಸಿಕ್ಕಾರು.

ಇಲ್ಲಿ ಕ್ಯಾಮೆರಾ ನೆತ್ತಿಯ ಮೇಲಿರಬೇಕು. ಪಕ್ಕದಿಂದ ಹಿಡಿದರೆ ಐದಕ್ಕೈದು ಮನೆಯ ಪಟ ಓರೆಯಾಗಿ, ಯಾವ ಕಾಯಿ ಯಾವ ಮನೆಯಲ್ಲಿದೆ ಗೊತ್ತಾಗದು. ಅದಕ್ಕಿಂತ ಮುಖ್ಯ ಕವಡೆ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು. ಬಾಯಿಯ ಆ ಸಣ್ಣ ಸೀಳು ಕಂಡರೆ ತಾನೇ ನೋಡುವವನಿಗೆ ಆಟ? ಕವಡೆ ಎಸೆಯಲು ಕಡುಬಣ್ಣದ ಬಟ್ಟೆಯೊಂದನ್ನು ಪಕ್ಕದಲ್ಲಿ ಹಾಸಿ. ಬೆಳಕು ಒಂದೇ ಬದಿಯಿಂದ ತಗ್ಗಾಗಿ ಬಂದರೆ ಸೀಳಿನಲ್ಲಿ ನೆರಳು ಕೂತು ಎದ್ದು ಕಾಣುತ್ತದೆ. ಹುಣಸೆ ಬೀಜ ಒಡೆದು ಆಡುವವರಿಗೆ ಈ ಕಷ್ಟವಿಲ್ಲ, ಬಿಳಿ ಕಪ್ಪು ದೂರಕ್ಕೇ ಗೊತ್ತಾಗುತ್ತದೆ. ಫೋಕಸನ್ನು ಆಟೊದಲ್ಲಿ ಬಿಡಬೇಡಿ. ಕೈ ಅಡ್ಡ ಬಂದಾಗಲೆಲ್ಲ ಕ್ಯಾಮೆರಾ ಕೈಯನ್ನು ಹುಡುಕಿ, ಪಟವನ್ನು ಮಸುಕು ಮಾಡುತ್ತದೆ. ಒಮ್ಮೆ ಪಟಕ್ಕೆ ಫೋಕಸ್ ಕೂರಿಸಿ ಬೀಗ ಹಾಕಿಬಿಡಿ.

ಕೇರಂ ಬೋರ್ಡಿನ ಆಡುವ ಜಾಗ 74 ಸೆಂಟಿಮೀಟರ್, ಕಟ್ಟಿಗೆಯ ಚೌಕಟ್ಟು ಸೇರಿದರೆ ತೊಂಬತ್ತರ ಹತ್ತಿರ. ಸಿ920ಯಂಥ ವೆಬ್‌ಕ್ಯಾಮಿನಲ್ಲಿ ಅಷ್ಟೂ ತುಂಬಬೇಕಾದರೆ ಬೋರ್ಡಿನಿಂದ ನಾಲ್ಕು ಅಡಿ ಮೇಲಿರಬೇಕು. ಸ್ಟ್ಯಾಂಡ್ ಹುಡುಕುವ ಮೊದಲು ಸೂರು ನೋಡಿ. ಎಷ್ಟೋ ಮನೆಗಳ ಮೋಲ್ಡಿನಲ್ಲಿ ತೊಟ್ಟಿಲು ಕಟ್ಟಲು ಬಿಟ್ಟ ಕೊಂಡಿ ಇರುತ್ತದೆ. ಅದರಿಂದ ಒಂದು ಪಿವಿಸಿ ಪೈಪು ಇಳಿಸಿ ತುದಿಗೆ ಕ್ಯಾಮೆರಾ ಬಿಗಿದರೆ, ಆಡುವವರ ಮೊಣಕಾಲು ತಾಗಿ ಅಲುಗುವ ಭಯವೂ ಇಲ್ಲ. ಯುಎಸ್‌ಬಿ ತಂತಿ ಮಾತ್ರ ಐದು ಮೀಟರ್ ದಾಟದಿರಲಿ. ಫ್ಯಾನು ಮತ್ತು ದೀಪ ಎರಡೂ ಬೋರ್ಡಿನ ನೇರಕ್ಕೆ ಮೇಲಿದ್ದರೆ ರೆಕ್ಕೆಯ ನೆರಳು ಬೋರ್ಡಿನ ಮೇಲೆ ಗಿರಗಿರ ತಿರುಗುತ್ತದೆ, ನಯವಾದ ಹಲಗೆಯಲ್ಲಿ ದೀಪವೂ ಹೊಳೆಯುತ್ತದೆ. ಎರಡು ಪಕ್ಕದ ಗೋಡೆಗಳಿಂದ ಬೆಳಕು ಕೊಡಿ. ಇನ್ನೊಂದು ಅನುಕೂಲ: ಬೋರ್ಡು ಚೌಕ, ಟಿವಿ ಚಿತ್ರ ಅಗಲ. 1920 ಚುಕ್ಕೆ ಅಗಲದಲ್ಲಿ ಬೋರ್ಡು ತಿನ್ನುವುದು 1080. ಉಳಿದ 840ರಲ್ಲಿ ಆಡುವವರ ಮುಖ ಮತ್ತು ಪಾಯಿಂಟು ಆರಾಮಾಗಿ ಕೂರುತ್ತವೆ. ಆ ಮುಖಗಳಿಗೆ ಹಳೇ ಫೋನು ಇದೆಯಲ್ಲ.

ಅಪ್ಪ ಅಮ್ಮಂದಿರಿಗೆ ಎರಡು ನಿಯಮದ ಮಾತು. 2025ರ ಜುಲೈ 22ರಿಂದ ಹದಿನಾರು ತುಂಬದವರು ಯೂಟ್ಯೂಬಿನಲ್ಲಿ ಒಬ್ಬರೇ ಲೈವ್ ಬಿಡುವಂತಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಅವುಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಚಾನೆಲ್ ಸ್ವಲ್ಪ ಬೆಳೆದೊಡನೆ ಪ್ರಚಾರ ಮಾಡಿ ಕೊಡಿ ಅಂತ ಕೇಳಿಕೊಂಡು ಬರುವವರಲ್ಲಿ ಇಂಥವರೂ ಇರುತ್ತಾರೆ.

ಕೊಳ್ಳುವುದು ಎಲ್ಲಿ? ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವವರು ಲ್ಯಾಪ್‌ಟಾಪನ್ನು ಜತೆಗೇ ಒಯ್ಯಿರಿ. ವೆಬ್‌ಕ್ಯಾಮನ್ನು ಅಂಗಡಿಯಲ್ಲೇ ಸಿಕ್ಕಿಸಿ, ಅವರ ಝಗಮಗಿಸುವ ದೀಪದಿಂದ ಆಚೆ ತಿರುಗಿಸಿ ಮೇಜಿನ ಕೆಳಗಿನ ಕತ್ತಲು ತೋರಿಸಿ. ಅಲ್ಲಿ ಎಷ್ಟು ಕಾಳು ಕಾಳಾಗುತ್ತದೋ ರಾತ್ರಿ ನಿಮ್ಮ ಕೋಣೆಯಲ್ಲೂ ಅಷ್ಟೇ. ಕೆಲವೇ ನೂರು ರೂಪಾಯಿಯ ಕ್ಯಾಪ್ಚರ್ ಕಾರ್ಡಿನ ಡಬ್ಬಿಯ ಮೇಲೆ 4ಕೆ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಒಳಗೆ ಬರುವುದು 4ಕೆ, ಕಂಪ್ಯೂಟರಿಗೆ ಹೋಗುವುದು ಹೆಚ್ಚೆಂದರೆ 1080, ಸೆಕೆಂಡಿಗೆ 30 ಫ್ರೇಮು. ಪ್ಲೇಸ್ಟೇಷನ್ನನ್ನು ಅದಕ್ಕೆ ಜೋಡಿಸಿದಾಗ ಪರದೆ ಕಪ್ಪಾದರೆ ಕಾರ್ಡು ಕೆಟ್ಟಿದೆ ಅಂತ ವಾಪಸ್ ಓಡಬೇಡಿ, ಸೆಟ್ಟಿಂಗಿನಲ್ಲಿ ನಕಲು ತಡೆಯುವ ಎಚ್‌ಡಿಸಿಪಿ ಆಫ್ ಮಾಡಿ. ದುಡ್ಡು ಕೊಡುವಾಗ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.